ಅಟ್ಟದಲ್ಲಿ ಸಿಕ್ಕ ಹಳೆಯ ಕಾಮಿಕ್ಸ್: ಯಾವುದು ಮೊದಲು, ಎಷ್ಟು ಬೆಲೆ, ಹೇಗೆ ಉಳಿಸುವುದು?

ಪ್ರಶ್ನೆ: ಹೋದ ವರ್ಷ ನ್ಯೂಜೆರ್ಸಿಯಲ್ಲಿ ಒಂದು ಹಳೆಯ ಮನೆ ಕೊಂಡೆವು. ಅಟ್ಟದಲ್ಲಿ ರಟ್ಟಿನ ಪೆಟ್ಟಿಗೆಯೊಂದು ಇತ್ತು. ಮನೆ ಮಾರಿದವರನ್ನು ಕೇಳಿದರೆ ‘ನೀವೇ ಇಟ್ಟುಕೊಳ್ಳಿ’ ಎಂದರು. ಒಳಗೆ ಭಾನುವಾರದ ಪತ್ರಿಕೆಗಳ ಬಣ್ಣದ ಕಾಮಿಕ್ಸ್ ಹಾಳೆಗಳಿವೆ. ಒಂದರಲ್ಲಿ ಹಳದಿ ಅಂಗಿ ತೊಟ್ಟ ಬೋಳುತಲೆಯ ಹುಡುಗ. ಇನ್ನು ಕೆಲವು ಹಾಳೆಗಳ ಕೊನೆಯ ಚೌಕದಲ್ಲಿ ಚಿಕ್ಕ ಹುಡುಗನೊಬ್ಬ ಮಂಚದಿಂದ ಬಿದ್ದಿರುತ್ತಾನೆ. ದಪ್ಪ ರಟ್ಟಿನ ಹೊದಿಕೆಯ, ಚೌಕಾಕಾರದ ಎರಡು ಪುಸ್ತಕಗಳೂ ಇವೆ. ತಳದಲ್ಲಿ ಒಂದು ದೊಡ್ಡ ಗಾತ್ರದ ಕಾಮಿಕ್. ಅದರ ಮೇಲೆ ಕಾರನ್ನು ಎತ್ತಿ ಹಿಡಿದ ಸೂಪರ್‌ಮ್ಯಾನ್, ‘ಜೂನ್ 1938’ ಎಂಬ ತಾರೀಕು. ಹಳದಿ ಹುಡುಗನೇ ಜಗತ್ತಿನ ಮೊದಲ ಕಾಮಿಕ್ ಅಂತೆ, ಹಳದಿ ಶಾಯಿ ಒಣಗುತ್ತದೋ ಇಲ್ಲವೋ ನೋಡಲು ಅವನ ಅಂಗಿಗೆ ಬಣ್ಣ ಹಾಕಿದರಂತೆ. ಇದು ನಿಜವೇ? ಸೂಪರ್‌ಮ್ಯಾನ್ ಕೋಟಿಗಟ್ಟಲೆ ಬಾಳುತ್ತದೆ ಎಂದು ಮಗ ಕುಣಿಯುತ್ತಿದ್ದಾನೆ. ಹಾಳೆಗಳ ಅಂಚು ಮುಟ್ಟಿದರೆ ಉದುರುತ್ತದೆ. ಲ್ಯಾಮಿನೇಟ್ ಮಾಡಿಸಿ ಎಂದು ಒಬ್ಬರು, ಬೇಗ ಮಾರಿಬಿಡಿ ಎಂದು ಇನ್ನೊಬ್ಬರು ಹೇಳುತ್ತಾರೆ. ಎಲ್ಲವನ್ನೂ ಸ್ಕ್ಯಾನ್ ಮಾಡಿ ಇಂಟರ್ನೆಟ್‌ಗೆ ಹಾಕಬೇಕು ಎಂದು ಮಗಳಿಗೆ ಆಸೆ. ಶಿವಮೊಗ್ಗದಲ್ಲಿ ಇಂದ್ರಜಾಲ ಕಾಮಿಕ್ಸ್ ಓದಿ ಬೆಳೆದ ನನ್ನ ಅಪ್ಪ ಮಾತ್ರ ‘ಏನೂ ಮಾಡಬೇಡ, ಮೊದಲು ತಿಳಿದವರನ್ನು ಕೇಳು’ ಎನ್ನುತ್ತಿದ್ದಾರೆ.

ಉತ್ತರ: ನಿಮ್ಮ ಅಪ್ಪ ಹೇಳಿದ್ದೇ ಸರಿ. ಸದ್ಯಕ್ಕೆ ಲ್ಯಾಮಿನೇಷನ್ ಬೇಡ, ಮಾರಾಟ ಬೇಡ, ಹರಿದ ಕಡೆ ಟೇಪ್ ಅಂಟಿಸುವುದೂ ಬೇಡ. ತುರ್ತಾಗಿ ಆಗಬೇಕಾದ್ದು ಒಂದೇ. ಪೆಟ್ಟಿಗೆಯನ್ನು ಅಟ್ಟದಿಂದ ಕೆಳಗಿಳಿಸಿ. ಅಲ್ಲಿನ ಅಟ್ಟ ಬೇಸಿಗೆಯಲ್ಲಿ ಕಾದು ಕೆಂಡವಾಗುತ್ತದೆ, ಚಳಿಗಾಲದಲ್ಲಿ ಕೊರೆಯುತ್ತದೆ. ಬೇಸ್‌ಮೆಂಟ್‌ಗೂ ಒಯ್ಯಬೇಡಿ, ಅಲ್ಲಿ ತೇವ ಜಾಸ್ತಿ. ನೀವು ವಾಸ ಮಾಡುವ ಕೋಣೆಯಲ್ಲೇ, ಬಿಸಿಲು ಬೀಳದ ಬೀರುವಿನಲ್ಲಿ, ಚಪ್ಪಟೆಯಾಗಿ ಮಲಗಿಸಿ ಇಡಿ. ಇಷ್ಟಾದರೆ ಉಳಿದದ್ದಕ್ಕೆಲ್ಲ ಸಮಯ ಇದೆ.

ಹಳೆಯ ಪತ್ರಿಕೆಗಳನ್ನು, ಅಚ್ಚಾದ ಕಾಗದಗಳನ್ನು ಉಳಿಸುವುದು ನನ್ನ ಕೆಲಸ. ಇಂಥ ಪೆಟ್ಟಿಗೆ ಸಿಕ್ಕವರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ: ಇದು ಮೊದಲನೆಯದಾ? ಇದಕ್ಕೆ ಎಷ್ಟು ಬೆಲೆ? ಎರಡಕ್ಕೂ ಉತ್ತರ ಹೇಳುತ್ತೇನೆ. ಆದರೆ ನಾನು ಮೊದಲು ನೋಡುವುದು ಹಾಳೆ ಪೂರ್ತಿಯಾಗಿದೆಯೇ ಎಂದು. ಮೇಲೆ ಪತ್ರಿಕೆಯ ಹೆಸರು, ತಾರೀಕು, ಹಿಂಬದಿಯ ಜಾಹೀರಾತು, ಎಲ್ಲವೂ ಇದ್ದ ಹಾಗೇ ಇದೆಯೇ? ಕಾಮಿಕ್ಸ್ ಹುಟ್ಟಿದ ಬಗೆ ತಿಳಿದರೆ ಇದು ಯಾಕೆ ಮುಖ್ಯ ಎಂದು ನಿಮಗೂ ಗೊತ್ತಾಗುತ್ತದೆ.

ಹಳದಿ ಹುಡುಗನಿಂದ ಶುರು ಮಾಡೋಣ. ಅವನು ಜಗತ್ತಿನ ಮೊದಲ ಕಾಮಿಕ್ ಅಲ್ಲ. ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ರೊಡಾಲ್ಫ್ ಟೋಪ್ಫರ್ ಎಂಬ ಶಾಲೆಯ ಮೇಷ್ಟ್ರು ಇದ್ದರು. ಅವರು 1827ರಲ್ಲೇ ಸಾಲಾಗಿ ಚೌಕ ಹಾಕಿ, ಪ್ರತಿ ಚೌಕದಲ್ಲಿ ಚಿತ್ರ ಬಿಡಿಸಿ, ಕೆಳಗೆ ಒಂದೆರಡು ಸಾಲು ಬರೆದು, ಒಬ್ಬ ಪ್ರೇಮಿಯ ಪಾಡನ್ನು ಕಥೆ ಮಾಡಿದ್ದರು. 1837ರಲ್ಲಿ ಅದು ಪುಸ್ತಕವಾಯಿತು. 1842ರಲ್ಲಿ ನ್ಯೂಯಾರ್ಕಿನ ‘ಬ್ರದರ್ ಜೊನಾಥನ್’ ಪತ್ರಿಕೆ ಅದರ ಇಂಗ್ಲಿಷ್ ರೂಪವನ್ನು ಪುರವಣಿಯಾಗಿ ಹೊರತಂದಿತು. ಅದು ಟೋಪ್ಫರ್ ಅವರನ್ನು ಕೇಳದೆ ಮಾಡಿದ ಕದ್ದ ಪ್ರತಿ. ಜರ್ಮನಿಯಲ್ಲಿ ವಿಲ್ಹೆಲ್ಮ್ ಬುಷ್ 1865ರಲ್ಲಿ ಮ್ಯಾಕ್ಸ್ ಮತ್ತು ಮೊರಿಟ್ಸ್ ಎಂಬ ಇಬ್ಬರು ತುಂಟರ ಕಥೆಯನ್ನು ಚಿತ್ರ, ಪದ್ಯಗಳಲ್ಲಿ ಹೇಳಿದ. ಲಂಡನ್ನಿನಲ್ಲಿ 1867ರಲ್ಲಿ ಆಲಿ ಸ್ಲೋಪರ್ ಎಂಬ ಸೋಮಾರಿ ಪಾತ್ರ ಬಂತು. ಅವನನ್ನು ವರ್ಷಗಟ್ಟಲೆ ಬಿಡಿಸಿ ಜನಪ್ರಿಯ ಮಾಡಿದವರು ಮಾರಿ ಡುವಾಲ್ ಎಂಬ ಮಹಿಳೆ. 1884ರಲ್ಲಿ ಸ್ಲೋಪರ್ ಹೆಸರಿನಲ್ಲೇ ಒಂದು ವಾರಪತ್ರಿಕೆ ಹುಟ್ಟಿತು.

ಹಾಗಾದರೆ ಹಳದಿ ಹುಡುಗನಿಗೆ ಇಷ್ಟೊಂದು ಹೆಸರು ಯಾಕೆ? ಒಂದು ಚಿತ್ರದ ಪಾತ್ರದಿಂದ ದಿನಪತ್ರಿಕೆಯನ್ನು ಮಾರಬಹುದು ಎಂದು ಪತ್ರಿಕೆಗಳ ಮಾಲೀಕರಿಗೆ ಮನವರಿಕೆ ಮಾಡಿದ್ದು ಅವನು. ರಿಚರ್ಡ್ ಔಟ್‌ಕಾಲ್ಟ್ ಎಂಬ ಚಿತ್ರಕಾರ 1894ರಲ್ಲಿ ‘ಟ್ರೂತ್’ ಎಂಬ ಪತ್ರಿಕೆಗೆ ನ್ಯೂಯಾರ್ಕಿನ ಬಡ ಕೇರಿಗಳ ಮಕ್ಕಳನ್ನು ಬಿಡಿಸುತ್ತಿದ್ದ. ಆ ಗುಂಪಿನಲ್ಲಿ ತಲೆ ಬೋಳಿಸಿಕೊಂಡ, ಉದ್ದ ಅಂಗಿಯ ಹುಡುಗನೊಬ್ಬ ಇದ್ದ. ಹೇನಿನ ಕಾಟಕ್ಕೆ ಕೇರಿಯ ಮಕ್ಕಳ ತಲೆ ಬೋಳಿಸುವುದು ಆಗ ಸಾಮಾನ್ಯವಾಗಿತ್ತು. 1895ರ ಫೆಬ್ರವರಿ 17ರಂದು ಅವನು ಜೋಸೆಫ್ ಪುಲಿಟ್ಜರ್ ಅವರ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಗೆ ಬಂದ, ಕಪ್ಪು ಬಿಳುಪಿನಲ್ಲಿ. ಅದೇ ವರ್ಷ ಮೇ 5ರಂದು ಬಣ್ಣದಲ್ಲಿ ಬಂದ. ಆಗ ಅವನ ಅಂಗಿ ಹಳದಿ ಆಗಿರಲಿಲ್ಲ. ಅಂಗಿ ಹಳದಿಯಾದದ್ದು 1896ರ ಜನವರಿ 5ರಂದು.

ಶಾಯಿಯ ಕಥೆ ಬಹಳ ದಿನಗಳಿಂದ ಓಡಾಡುತ್ತಿದೆ. ಹಳದಿ ಶಾಯಿ ಬೇಗ ಒಣಗುತ್ತಿರಲಿಲ್ಲ, ಹೊಸ ಶಾಯಿ ಬಂದಾಗ ಪರೀಕ್ಷೆಗೆ ದೊಡ್ಡ ಖಾಲಿ ಜಾಗ ಬೇಕಿತ್ತು, ಯಾರೋ ಹುಡುಗನ ಅಂಗಿ ತೋರಿಸಿದರು ಎಂದು ಹೇಳುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ‘ವರ್ಲ್ಡ್’ ಪತ್ರಿಕೆಯ ಬಣ್ಣದ ಪುಟಗಳನ್ನು ತಾರೀಕಿನ ಪ್ರಕಾರ ಜೋಡಿಸಿ ನೋಡಿದರೆ 1896ಕ್ಕೆ ಮುಂಚೆಯೇ ಅಲ್ಲಿ ಹಳದಿ ಬೇಕಾದಷ್ಟು ಬಳಕೆಯಾಗಿದೆ. ಕಥೆ ಸುಳ್ಳು ಎಂದು ತೋರಿಸಲು ಸಾಧ್ಯವಾದದ್ದು ಆ ಪುಟಗಳು ಬಣ್ಣದಲ್ಲೇ, ತಾರೀಕಿನ ಸಮೇತ ಉಳಿದದ್ದರಿಂದ. ಚಿತ್ರವನ್ನಷ್ಟೇ ಕತ್ತರಿಸಿ ಇಟ್ಟುಕೊಂಡಿದ್ದರೆ ಇದು ಆಗುತ್ತಿರಲಿಲ್ಲ.

1896ರ ಅಕ್ಟೋಬರ್‌ನಲ್ಲಿ ವಿಲಿಯಂ ರಾಂಡಾಲ್ಫ್ ಹರ್ಸ್ಟ್ ಜಾಸ್ತಿ ದುಡ್ಡು ಕೊಟ್ಟು ಔಟ್‌ಕಾಲ್ಟ್‌ನನ್ನು ತನ್ನ ‘ನ್ಯೂಯಾರ್ಕ್ ಜರ್ನಲ್’ಗೆ ಎಳೆದುಕೊಂಡರು. ಪುಲಿಟ್ಜರ್ ಸುಮ್ಮನಿರಲಿಲ್ಲ. ಜಾರ್ಜ್ ಲಕ್ಸ್ ಎಂಬ ಇನ್ನೊಬ್ಬ ಚಿತ್ರಕಾರನ ಕೈಯಲ್ಲಿ ಅದೇ ಹುಡುಗನನ್ನು ಬಿಡಿಸಿ ಮುಂದುವರಿಸಿದರು. ಹೀಗೆ ಒಂದೇ ಊರಿನ ಎರಡು ಪತ್ರಿಕೆಗಳಲ್ಲಿ ಒಂದೇ ಹುಡುಗ. ಆ ಎರಡೂ ಪತ್ರಿಕೆಗಳ ಅಬ್ಬರದ ಸುದ್ದಿಗಾರಿಕೆಗೆ ‘ಹಳದಿ’ ಎಂಬ ಬಿರುದು 1897ರ ಆರಂಭದಲ್ಲಿ ಅಂಟಿತು. ಅದು ಈ ಹುಡುಗನಿಂದಲೇ ಬಂತು ಎಂಬುದು ಎಲ್ಲರೂ ಹೇಳುವ ಮಾತು. ಸಂಶೋಧಕರು ಅದನ್ನು ಅಷ್ಟು ಸಲೀಸಾಗಿ ಒಪ್ಪುವುದಿಲ್ಲ.

ಇಲ್ಲಿ ನಿಮಗೆ ಕೆಲಸಕ್ಕೆ ಬರುವ ವಿಷಯ ಇದೆ. ನಿಮ್ಮ ಹಾಳೆಯ ತಲೆಬರಹ ಓದಿ. ‘ಹೋಗನ್ಸ್ ಆ್ಯಲಿ’ ಎಂದಿದ್ದರೆ ಅದು ‘ವರ್ಲ್ಡ್’ ಪತ್ರಿಕೆಯದು. ಆ ಹೆಸರು ಪುಲಿಟ್ಜರ್ ಕಡೆಯೇ ಉಳಿಯಿತು. ತಾರೀಕು 1896ರ ಅಕ್ಟೋಬರ್ ನಂತರದ್ದಾದರೆ ಬಿಡಿಸಿದವನು ಲಕ್ಸ್ ಆಗಿರಬೇಕು. ‘ಮೆಕ್‌ಫ್ಯಾಡನ್ಸ್ ರೋ ಆಫ್ ಫ್ಲ್ಯಾಟ್ಸ್’ ಎಂದಿದ್ದರೆ ‘ಜರ್ನಲ್’ ಪತ್ರಿಕೆಯ ಔಟ್‌ಕಾಲ್ಟ್. ಅಂಚಿನಲ್ಲಿ ಸಹಿ ಇದೆಯೇ ನೋಡಿ. ಹಾಳೆಯನ್ನು ತಿರುಗಿಸಿಯೂ ನೋಡಿ. ಹಿಂಬದಿ ಖಾಲಿ ಇದ್ದರೆ, ಕಾಗದ ಬೆಳ್ಳಗೆ ಗಟ್ಟಿಯಾಗಿದ್ದರೆ, ಅದು ಗೋಡೆಗೆ ತೂಗಲು ಈಚೆಗೆ ಮಾಡಿದ ಮರುಮುದ್ರಣ ಇರಬಹುದು. ನಿಜವಾದ ಪತ್ರಿಕೆಯ ಹಾಳೆಯ ಹಿಂದೆಯೂ ಆ ಕಾಲದ ಏನಾದರೊಂದು ಅಚ್ಚಾಗಿರುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆಯ ಬಗ್ಗೆ ನನಗೆ ಹೇಳಲೇಬೇಕು ಅನಿಸುತ್ತದೆ. ಇಂಗ್ಲಿಷ್ ಓದಲು ಬಾರದ ವಲಸಿಗರಿಗಾಗಿ ಕಾಮಿಕ್ಸ್ ಹುಟ್ಟಿತು ಎಂದು ಬಹಳ ಕಡೆ ಬರೆಯುತ್ತಾರೆ. ಔಟ್‌ಕಾಲ್ಟ್‌ನ ಒಂದು ಹಾಳೆ ಎದುರಿಗಿಟ್ಟುಕೊಂಡರೆ ಈ ಮಾತು ನಿಲ್ಲುವುದಿಲ್ಲ. ಗೋಡೆಯ ಮೇಲೆ ಬರಹ, ಬೋರ್ಡುಗಳ ಮೇಲೆ ಬರಹ, ಹುಡುಗನ ಅಂಗಿಯ ಮೇಲೂ ಬರಹ, ಅದೂ ಕೇರಿಯ ಉಚ್ಚಾರದಲ್ಲಿ. ಓದು ಬಾರದವರಿಗೆ ಅದರ ಅರ್ಧ ತಮಾಷೆಯೂ ದಕ್ಕುತ್ತಿರಲಿಲ್ಲ. ವಲಸಿಗರು ಓದಿದ್ದು ನಿಜ. ಉಳಿದವರೂ ಓದಿದರು, ದೊಡ್ಡವರೂ ಓದಿದರು. 1945ರ ಜುಲೈನಲ್ಲಿ ಪತ್ರಿಕೆ ಹಂಚುವವರ ಮುಷ್ಕರದಿಂದ ನ್ಯೂಯಾರ್ಕಿನ ಮನೆಗಳಿಗೆ ಪತ್ರಿಕೆ ಬಾರದಿದ್ದಾಗ, ಮೇಯರ್ ಫಿಯೊರೆಲ್ಲೊ ಲಾ ಗಾರ್ಡಿಯ ತಾವೇ ರೇಡಿಯೊ ಮುಂದೆ ಕೂತು ಕಾಮಿಕ್ಸ್ ಓದಿ ಹೇಳಿದರು.

ಈಗ ಮಾತಿನ ಗುಳ್ಳೆಯ ವಿಷಯ. 1896ರ ಅಕ್ಟೋಬರ್ 25ರ ‘ಜರ್ನಲ್’ನಲ್ಲಿ ಹಳದಿ ಹುಡುಗ ಒಂದು ಫೋನೋಗ್ರಾಫ್ ಪೆಟ್ಟಿಗೆಯ ಜೊತೆ ಮಾತಾಡುತ್ತಾನೆ. ಪೆಟ್ಟಿಗೆ ಅವನನ್ನು ಹೊಗಳುತ್ತದೆ. ಐದನೆಯ ಚಿತ್ರದಲ್ಲಿ ಒಳಗಿಂದ ಗಿಣಿಯೊಂದು ಹೊರಬರುತ್ತದೆ. ಇಷ್ಟು ಹೊತ್ತು ಮಾತಾಡಿದ್ದು ಅದೇ! ಗುಳ್ಳೆಯೊಳಗೆ ಮಾತು ಬರೆಯುವುದು ಹಳೆಯ ವ್ಯಂಗ್ಯಚಿತ್ರಗಳಲ್ಲೂ ಇತ್ತು. ಆದರೆ ಇಲ್ಲಿ ಮಾತು ಕೇಳಿಸದೆ ಹೋದರೆ ತಮಾಷೆಯೇ ಇಲ್ಲ. ಒಂದರ ಹಿಂದೆ ಒಂದು ಚಿತ್ರ, ಅದರೊಳಗೇ ಮಾತು, ಕೊನೆಗೆ ಒಂದು ತಿರುವು: ನಾವು ಇಂದು ಕಾಮಿಕ್ ಸ್ಟ್ರಿಪ್ ಎನ್ನುವುದರ ರೂಪ ಹೀಗೆ ಗಟ್ಟಿಯಾಗುತ್ತ ಬಂತು. ಮರುವರ್ಷ ಡಿಸೆಂಬರ್‌ನಲ್ಲಿ ರುಡಾಲ್ಫ್ ಡರ್ಕ್ಸ್ ‘ಕಾಟ್ಸನ್‌ಜಾಮರ್ ಕಿಡ್ಸ್’ ಶುರು ಮಾಡಿದ. ಅದಕ್ಕೆ ಪ್ರೇರಣೆ ಬುಷ್‌ನ ಆ ಇಬ್ಬರು ತುಂಟರೇ.

ಮಂಚದಿಂದ ಬೀಳುವ ಹುಡುಗನ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ. ಓದಿದ ಕೂಡಲೇ ನನಗೆ ಖುಷಿಯಾಯಿತು. ಅದು ವಿನ್ಸರ್ ಮೆಕೇ ಬಿಡಿಸಿದ ‘ಲಿಟ್ಲ್ ನೀಮೊ’ ಆಗಿರುವ ಸಾಧ್ಯತೆ ಬಹಳ. 1905ರ ಅಕ್ಟೋಬರ್ 15ರಂದು ‘ನ್ಯೂಯಾರ್ಕ್ ಹೆರಾಲ್ಡ್’ನಲ್ಲಿ ಇದು ಶುರುವಾಯಿತು. ಪ್ರತಿ ಭಾನುವಾರ ಇಡೀ ಪುಟ. ಹುಡುಗ ಕನಸಿನಲ್ಲಿ ಎಲ್ಲೆಲ್ಲೋ ಹೋಗುತ್ತಾನೆ. ಅವನ ಮಂಚಕ್ಕೆ ಕಾಲು ಬೆಳೆದು ಊರಿನ ಕಟ್ಟಡಗಳನ್ನು ದಾಟಿ ನಡೆಯುತ್ತದೆ. ಚಿತ್ರ ಬೆಳೆದಂತೆ ಚೌಕವೂ ಉದ್ದವಾಗುತ್ತದೆ. ಕೊನೆಗೆ ಎಚ್ಚರ. ಆ ಪುಟದ ಅಳತೆಗೇ ಕಟ್ಟಿದ ಕಲೆ ಅದು. ಚಿಕ್ಕ ಪುಸ್ತಕದಲ್ಲಿ ಅಥವಾ ಫೋನಿನಲ್ಲಿ ನೋಡಿದರೆ ಅದರ ಹತ್ತರಲ್ಲಿ ಒಂದು ಪಾಲೂ ಸಿಗುವುದಿಲ್ಲ. ದಯವಿಟ್ಟು ಮಕ್ಕಳಿಬ್ಬರನ್ನೂ ಕೂರಿಸಿ ಆ ಹಾಳೆಯನ್ನು ಮೇಜಿನ ಮೇಲೆ ಬಿಡಿಸಿ ತೋರಿಸಿ. ತಲೆಬರಹ ‘ಲಿಟ್ಲ್ ನೀಮೊ ಇನ್ ಸ್ಲಂಬರ್‌ಲ್ಯಾಂಡ್’ ಎಂದಿದ್ದರೆ 1905–11ರ ಹೆರಾಲ್ಡ್ ಕಾಲದ್ದು, ಇಲ್ಲವೇ 1920ರ ದಶಕದಲ್ಲಿ ಅದು ಮರಳಿ ಬಂದಾಗಿನದು. ‘ಇನ್ ದ ಲ್ಯಾಂಡ್ ಆಫ್ ವಂಡರ್‌ಫುಲ್ ಡ್ರೀಮ್ಸ್’ ಎಂದಿದ್ದರೆ 1911ರ ನಂತರ ಮೆಕೇ ಹರ್ಸ್ಟ್ ಬಳಗಕ್ಕೆ ಹೋದ ಮೇಲಿನದು. ಪತ್ರಿಕೆ ಬದಲಾದಾಗ ಹೆಸರು ಬದಲಾಯಿತು, ಹುಡುಗ ಅವನೇ.

ಯಾರಿಗೆ ಏನು ಸೇರಿದ್ದು ಎಂಬ ಈ ಜಗಳ ಆ ಕಾಲದುದ್ದಕ್ಕೂ ಇದೆ. ಔಟ್‌ಕಾಲ್ಟ್ 1902ರಲ್ಲಿ ಶುರು ಮಾಡಿದ ‘ಬಸ್ಟರ್ ಬ್ರೌನ್’ನದ್ದೂ ಹಾಗೇ ಆಯಿತು. ಅವನು ಹೆರಾಲ್ಡ್ ಬಿಟ್ಟು ಹರ್ಸ್ಟ್ ಕಡೆ ಹೋದಾಗ ಹೆಸರು ಹೆರಾಲ್ಡ್‌ಗೆ ಉಳಿಯಿತು, ಪಾತ್ರಗಳನ್ನು ಬಿಡಿಸುವ ಹಕ್ಕು ಅವನಿಗೆ ಉಳಿಯಿತು. ಇದನ್ನೆಲ್ಲ ನೋಡಿ ಜಾಣನಾದವನು ಬಡ್ ಫಿಶರ್. 1907ರ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ‘ಕ್ರಾನಿಕಲ್’ ಪತ್ರಿಕೆಯ ಕ್ರೀಡಾಪುಟದಲ್ಲಿ ಕುದುರೆ ಜೂಜಿನ ಹುಚ್ಚಿನ ಮಟ್ ಎಂಬ ಪಾತ್ರವನ್ನು ಅವನು ಶುರು ಮಾಡಿದ. ವಾರದ ದಿನಗಳಲ್ಲಿ ಪುಟದ ಅಡ್ಡಕ್ಕೆ ಒಂದು ಸಾಲು ಚಿತ್ರ ಬರುವ ರೂಢಿಯನ್ನು ಭದ್ರ ಮಾಡಿದ್ದು ಇದೇ. ಬೇರೆ ಪತ್ರಿಕೆಗೆ ಹೋಗುವ ಮೊದಲು, ಕ್ರಾನಿಕಲ್‌ಗೆ ಕೊಟ್ಟ ಕೊನೆಯ ಚಿತ್ರದ ಮೇಲೆ ತನ್ನ ಹೆಸರಿನಲ್ಲಿ ಕಾಪಿರೈಟ್ ಎಂದು ಬರೆದುಬಿಟ್ಟ. ಆ ಒಂದು ಸಾಲಿನ ಬಲದಿಂದ, ಮುಂದೆ ‘ಮಟ್ ಅಂಡ್ ಜೆಫ್’ ಎಂದು ಹೆಸರಾದ ಆ ಸ್ಟ್ರಿಪ್ ಅವನದ್ದೇ ಆಗಿ ಉಳಿಯಿತು, ಅವನು ಶ್ರೀಮಂತನೂ ಆದ.

ನಿಮ್ಮ ಚೌಕಾಕಾರದ ರಟ್ಟಿನ ಪುಸ್ತಕಗಳು ಬಹುಶಃ ‘ಕಪಲ್ಸ್ ಅಂಡ್ ಲಿಯಾನ್’ ಎಂಬ ಪ್ರಕಾಶಕರದ್ದು. ಉದ್ದಗಲ ಎರಡೂ ಸುಮಾರು 10 ಇಂಚು ಇದ್ದರೆ ಅದೇ. 1919ರಿಂದ ಅವರು ಪತ್ರಿಕೆಯಲ್ಲಿ ಬಂದ ಸ್ಟ್ರಿಪ್‌ಗಳನ್ನು ಸೇರಿಸಿ 25 ಸೆಂಟಿಗೆ ಮಾರುತ್ತಿದ್ದರು. ಇವು ಈಗಲೂ ಸಿಗುತ್ತವೆ, ಬೆಲೆಯೂ ಕೈಗೆಟಕುವಂಥದ್ದೇ.

ಇಂದಿನ ಕಾಮಿಕ್ ಪುಸ್ತಕದ ಆಕಾರ ಬಂದದ್ದು 1933ರಲ್ಲಿ, ಕನೆಕ್ಟಿಕಟ್‌ನ ವಾಟರ್‌ಬರಿಯಲ್ಲಿದ್ದ ‘ಈಸ್ಟರ್ನ್ ಕಲರ್ ಪ್ರಿಂಟಿಂಗ್’ ಎಂಬ ಅಚ್ಚುಕೂಟದಿಂದ. ಪತ್ರಿಕೆಗಳ ಭಾನುವಾರದ ಬಣ್ಣದ ಪುಟಗಳನ್ನು ಅಚ್ಚು ಹಾಕುವುದೇ ಅವರ ಕಸುಬು. ಪತ್ರಿಕೆಯ ದೊಡ್ಡ ಹಾಳೆಯನ್ನು ಅರ್ಧಕ್ಕೆ ಮಡಚಿದರೆ ಟ್ಯಾಬ್ಲಾಯ್ಡ್, ಅದನ್ನು ಇನ್ನೊಮ್ಮೆ ಮಡಚಿ ಹೊಲಿದರೆ ಒಂದು ಪುಸ್ತಕ. ಸ್ಟ್ರಿಪ್‌ಗಳನ್ನು ಚಿಕ್ಕದು ಮಾಡಿ ಆ ಅಳತೆಗೆ ಕೂರಿಸಿದರು. ಅದೇ ಯಂತ್ರ, ಅದೇ ಕಾಗದ, ಅದೇ ಶಾಯಿ. ಮೊದಲನೆಯದು ‘ಫನ್ನೀಸ್ ಆನ್ ಪರೇಡ್’. ಅದನ್ನು ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ ಕೂಪನ್ ಕಳಿಸಿದವರಿಗೆ ಪುಕ್ಕಟೆ ಕೊಟ್ಟಿತು. ಆ ಅಚ್ಚುಕೂಟದಲ್ಲಿ ಕೆಲಸಕ್ಕಿದ್ದ ಎಂ. ಸಿ. ಗೇಯ್ನ್ಸ್ ಇಂಥದೇ ಪುಸ್ತಕಗಳಿಗೆ 10 ಸೆಂಟಿನ ಚೀಟಿ ಅಂಟಿಸಿ ಅಂಗಡಿಗಳಲ್ಲಿಟ್ಟ, ಎರಡೇ ದಿನದಲ್ಲಿ ಖಾಲಿಯಾದವು ಎಂಬ ಕಥೆ ಇದೆ. ಇದು ಬಾಯಿಂದ ಬಾಯಿಗೆ ಬಂದದ್ದು. 1934ರಲ್ಲಿ ‘ಫೇಮಸ್ ಫನ್ನೀಸ್’ 10 ಸೆಂಟಿಗೆ ಅಂಗಡಿಗೆ ಬಂದದ್ದು ಮಾತ್ರ ಅಚ್ಚಾದ ಪುರಾವೆ ಇರುವ ಸಂಗತಿ. ಅದರಲ್ಲಿದ್ದುದೂ ಹೆಚ್ಚಾಗಿ ಪತ್ರಿಕೆಗಳ ಹಳೆಯ ಸರಕು. ಹೊಸದಾಗಿ ಬರೆಸಿದ ಕಥೆಗಳನ್ನು 1935ರಲ್ಲಿ ‘ನ್ಯೂ ಫನ್’ ಮೂಲಕ ಮೇಜರ್ ಮಾಲ್ಕಂ ವೀಲರ್-ನಿಕೋಲ್ಸನ್ ತಂದರು.

ಸೂಪರ್‌ಮ್ಯಾನ್ ಕೂಡ ಹುಟ್ಟಿದ್ದು ಪತ್ರಿಕೆಗಾಗಿಯೇ. ಕ್ಲೀವ್‌ಲ್ಯಾಂಡಿನ ಇಬ್ಬರು ಹುಡುಗರು, ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್, ಅದನ್ನು ದಿನದ ಸ್ಟ್ರಿಪ್ ಆಗಿ ಮಾಡಿ, ಪತ್ರಿಕೆಗಳಿಗೆ ಸ್ಟ್ರಿಪ್ ಮಾರುವ ಸಿಂಡಿಕೇಟ್‌ಗಳ ಬಾಗಿಲು ತಟ್ಟಿದರು. ಯಾರೂ ತೆಗೆದುಕೊಳ್ಳಲಿಲ್ಲ. ಕೊನೆಗೆ ‘ಆ್ಯಕ್ಷನ್ ಕಾಮಿಕ್ಸ್’ನ ಮೊದಲ ಸಂಚಿಕೆಗೆ ಬೇಕು ಎಂದಾಗ, ಸಿದ್ಧವಿದ್ದ ಸ್ಟ್ರಿಪ್‌ಗಳನ್ನೇ ಕತ್ತರಿಸಿ ಪುಸ್ತಕದ ಪುಟಕ್ಕೆ ಅಂಟಿಸಿ 13 ಪುಟ ಮಾಡಿಕೊಟ್ಟರು. ಸಿಕ್ಕಿದ್ದು 130 ಡಾಲರ್, ಪಾತ್ರದ ಹಕ್ಕೂ ಅದರ ಜೊತೆಗೇ ಹೋಯಿತು. ಬಡ್ ಫಿಶರ್ ಬರೆದಂಥ ಒಂದು ಸಾಲು ಇವರಿಗೆ ಯಾರೂ ಹೇಳಿಕೊಡಲಿಲ್ಲವಲ್ಲ ಎಂದು ನನಗೆ ಈಗಲೂ ಸಂಕಟವಾಗುತ್ತದೆ. 1939ರ ಜನವರಿಯಲ್ಲಿ, ಪುಸ್ತಕ ಗೆದ್ದ ಮೇಲೆ, ಸೂಪರ್‌ಮ್ಯಾನ್ ಪತ್ರಿಕೆಗಳಿಗೂ ಹೋದ.

ನಿಮ್ಮ ಕೈಯಲ್ಲಿರುವ ಸೂಪರ್‌ಮ್ಯಾನ್ ಬಗ್ಗೆ ಮಗನಿಗೆ ನಿಧಾನವಾಗಿ ಹೇಳಿ. ‘ದೊಡ್ಡ ಗಾತ್ರ’ ಎಂದು ನೀವು ಬರೆದಿದ್ದೀರಿ, ಅಲ್ವಾ? ಉತ್ತರ ಅಲ್ಲೇ ಇದೆ. 1938ರ ‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯ ಅಸಲಿ ಪ್ರತಿ ಸುಮಾರು ಏಳೂಮುಕ್ಕಾಲು ಇಂಚು ಅಗಲ, ಹತ್ತೂವರೆ ಇಂಚು ಉದ್ದ. 1974ರಲ್ಲಿ ಅದನ್ನು ತಂದ ಕಂಪನಿಯೇ ‘ಫೇಮಸ್ ಫಸ್ಟ್ ಎಡಿಷನ್’ ಎಂಬ ಹೆಸರಿನಲ್ಲಿ ಅದನ್ನು ದೊಡ್ಡ ಗಾತ್ರದಲ್ಲಿ, ಜಾಹೀರಾತುಗಳ ಸಮೇತ, ಮರುಮುದ್ರಿಸಿತು. ಮರುಮುದ್ರಣ ಎಂದು ಹೇಳುವ ಹೊರ ಹೊದಿಕೆ ಕಿತ್ತುಹೋದರೆ ಒಳಗೆ ಉಳಿಯುವುದು 1938ರ ತಾರೀಕಿನ ಮುಖಪುಟ. ಎಷ್ಟೋ ಮನೆಗಳಲ್ಲಿ ಇದೇ ಆಸೆ ಹುಟ್ಟಿಸಿದೆ. ಸ್ಕೇಲ್ ಹಿಡಿದು ಅಳೆಯಿರಿ. ಉದ್ದ 13 ಇಂಚಿನ ಮೇಲಿದ್ದರೆ ಅದು 1974ರದ್ದೇ. ಅಸಲಿ ಪ್ರತಿಗಳು ಈಗ ಉಳಿದಿರುವುದು ನೂರರ ಆಸುಪಾಸು ಎಂದು ಅಂದಾಜು. ಅದರಲ್ಲೊಂದು 2024ರಲ್ಲಿ 60 ಲಕ್ಷ ಡಾಲರಿಗೆ ಹರಾಜಾಯಿತು. ಇಷ್ಟು ಕಡಿಮೆ ಉಳಿಯಲು ಒಂದು ಕಾರಣ ಎರಡನೇ ಮಹಾಯುದ್ಧ. ಆಗ ಮಕ್ಕಳೇ ಮನೆ ಮನೆಯಿಂದ ಹಳೆಯ ಕಾಗದ ಸೇರಿಸಿ ಸರ್ಕಾರಕ್ಕೆ ಕೊಡುತ್ತಿದ್ದರು. ಅದರಲ್ಲಿ ಅವರ ಕಾಮಿಕ್ಸೂ ಹೋಯಿತು.

ನಿಮ್ಮ ಅಪ್ಪನಿಗೆ ಒಂದು ಮಾತು. ಇಂದ್ರಜಾಲ ಕಾಮಿಕ್ಸ್‌ನಲ್ಲಿ ಅವರು ಓದಿದ ಫ್ಯಾಂಟಮ್ ಇದೇ ಮನೆತನದವನು. ಲೀ ಫಾಕ್ ಬರೆದ ಫ್ಯಾಂಟಮ್ 1936ರ ಫೆಬ್ರವರಿ 17ರಂದು ಅಮೆರಿಕದ ಪತ್ರಿಕೆಗಳಲ್ಲಿ ದಿನದ ಸ್ಟ್ರಿಪ್ ಆಗಿ ಶುರುವಾಯಿತು. ನಮ್ಮಲ್ಲಿ ‘ಇಲಸ್ಟ್ರೇಟೆಡ್ ವೀಕ್ಲಿ’ಯಲ್ಲಿ ಬಂತು. 1964ರಿಂದ ಟೈಮ್ಸ್ ಆಫ್ ಇಂಡಿಯಾ ಬಳಗದ ಇಂದ್ರಜಾಲ ಕಾಮಿಕ್ಸ್ ಅದನ್ನು ಪುಸ್ತಕ ಮಾಡಿತು, ಕನ್ನಡದಲ್ಲೂ ತಂದಿತು. ಸೀಗಲ್ ಮತ್ತು ಶುಸ್ಟರ್ ಮಾಡಿದ ಹಾಗೆ ಇಲ್ಲೂ ಪತ್ರಿಕೆಯ ಅಡ್ಡ ಸಾಲುಗಳನ್ನು ಕತ್ತರಿಸಿ ಪುಟಕ್ಕೆ ಕೂರಿಸಿದ್ದರು. ಹಾಗೆಯೇ ಅಮರ ಚಿತ್ರಕಥೆಯ ಮೊದಲ ಪುಸ್ತಕಗಳು ಬಂದದ್ದು 1965ರಲ್ಲಿ, ಕನ್ನಡದಲ್ಲಿ, ಬೆಂಗಳೂರಿನ ಜಿ. ಕೆ. ಅನಂತರಾಮ್ ಅವರ ಒತ್ತಾಸೆಯಿಂದ. ಅವು ಅಮೆರಿಕದ ಮಕ್ಕಳ ಕಾಮಿಕ್ಸ್‌ನ ಕನ್ನಡ ರೂಪ. ಇಂಗ್ಲಿಷಿನ ‘ಕೃಷ್ಣ’ನ ಸಂಖ್ಯೆ 11 ಆಗಿರುವುದು ಈ ಹತ್ತು ಕನ್ನಡ ಪುಸ್ತಕಗಳು ಮುಂಚೆ ಬಂದದ್ದರಿಂದ. ಅಪ್ಪನ ಹತ್ತಿರ ಆ ಕಾಲದ ಕನ್ನಡ ಪ್ರತಿ ಒಂದಾದರೂ ಉಳಿದಿದ್ದರೆ ನಿಮ್ಮ 1974ರ ಸೂಪರ್‌ಮ್ಯಾನ್‌ಗಿಂತ ಅದನ್ನೇ ನಾನು ಜಾಸ್ತಿ ಜೋಪಾನ ಮಾಡಲು ಹೇಳುತ್ತೇನೆ. ಅದು ಉಳಿದಿರುವುದು ಬಹಳ ಕಡಿಮೆ.

ಇನ್ನು ಕಾಗದದ ಪಾಡು. ಹಿಂದಿನ ಕಾಗದವನ್ನು ಬಟ್ಟೆ ಚಿಂದಿಯಿಂದ ಮಾಡುತ್ತಿದ್ದರು, ಅದು ನೂರಾರು ವರ್ಷ ಬಾಳುತ್ತಿತ್ತು. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಪತ್ರಿಕೆಗಳು ಮರವನ್ನು ಅರೆದು ಮಾಡಿದ ಅಗ್ಗದ ಕಾಗದಕ್ಕೆ ಬಂದವು. ಅದರಲ್ಲಿ ಮರದ ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಎಂಬ ವಸ್ತು ಹಾಗೇ ಉಳಿದಿರುತ್ತದೆ. ಬೆಳಕು, ಗಾಳಿ ತಗುಲಿದರೆ ಅದು ಕಂದಾಗುತ್ತದೆ. ಜೊತೆಗೆ ಕಾಗದದೊಳಗಿನ ಆಸಿಡ್ ನಾರುಗಳನ್ನು ತುಂಡು ತುಂಡು ಮಾಡುತ್ತ ಹೋಗುತ್ತದೆ. ಸೆಖೆ, ತೇವ ಎರಡೂ ಸೇರಿದರೆ ಇದು ಬೇಗ ಆಗುತ್ತದೆ. ಕೊನೆಗೆ ಹಾಳೆ ಹಪ್ಪಳದಂತೆ ಮುರಿಯುತ್ತದೆ. ನಿಮ್ಮ ಹಾಳೆಗಳ ಅಂಚು ಉದುರುತ್ತಿರುವುದು ಇದರಿಂದಲೇ. ಇವನ್ನು ಮಾಡಿದವರ ಎಣಿಕೆಯಲ್ಲಿ ಇವುಗಳ ಆಯಸ್ಸು ಒಂದು ದಿನ. ಸೋಮವಾರ ಬೆಳಿಗ್ಗೆಗೆ ಇವು ರದ್ದಿ.

ಲ್ಯಾಮಿನೇಷನ್ ಖಂಡಿತ ಬೇಡ. ಬಿಸಿ ತಾಗಿಸಿ ಪ್ಲಾಸ್ಟಿಕ್ ಅಂಟಿಸುತ್ತಾರೆ, ಒಳಗಿನ ಆಸಿಡ್ ಕೆಲಸ ಮಾಡುತ್ತಲೇ ಇರುತ್ತದೆ, ಮುಂದೆ ಬಿಡಿಸಲು ಹೋದರೆ ಚಿತ್ರವೇ ಪ್ಲಾಸ್ಟಿಕ್ ಜೊತೆ ಬರುತ್ತದೆ. ಸೆಲ್ಲೋಟೇಪ್ ಕೂಡ ಹಾಗೇ, ಕೆಲವು ವರ್ಷಕ್ಕೆ ಕಂದು ಕಲೆ ಬಿಟ್ಟು ತಾನು ಉದುರುತ್ತದೆ. ಸ್ಟೇಷನರಿ ಅಂಗಡಿಯ ಮೆತ್ತನೆಯ ಪಿವಿಸಿ ಕವರ್‌ಗಳನ್ನೂ ಬಳಸಬೇಡಿ. ಕಾಗದ ಉಳಿಸಲೆಂದೇ ಮಾಡಿದ ಪಾಲಿಯೆಸ್ಟರ್ ಹಾಳೆ ಕೊಳ್ಳಿ. ಪುಟವನ್ನು ಆಸಿಡ್ ಇಲ್ಲದ, ಕ್ಷಾರ ಸೇರಿಸಿದ ದಪ್ಪ ಕಾಗದದ ಮೇಲಿಟ್ಟು ಅದರೊಳಗೆ ಜಾರಿಸಿ. ನಾಲ್ಕೂ ಕಡೆ ಮುಚ್ಚಬೇಡಿ. ಪೂರ್ತಿ ಮುಚ್ಚಿದರೆ ಆಸಿಡ್ ಒಳಗೇ ಕೂಡಿ ಕಾಗದ ಇನ್ನೂ ಬೇಗ ಹಾಳಾಗುತ್ತದೆ. ಮುಟ್ಟುವಾಗ ಬಿಳಿ ಕೈಗವಸು ಹಾಕಬೇಕು ಎಂದು ಸಿನಿಮಾ ನೋಡಿದವರೆಲ್ಲ ಹೇಳುತ್ತಾರೆ. ಇಂಥ ಕಾಗದಕ್ಕೆ ಅದು ಅಪಾಯ, ಬಟ್ಟೆಯ ಎಳೆ ಅಂಚಿಗೆ ಸಿಕ್ಕಿ ಹರಿಯುತ್ತದೆ. ಕೈ ತೊಳೆದು ಚೆನ್ನಾಗಿ ಒರೆಸಿಕೊಂಡರೆ ಸಾಕು.

ಆಸಿಡ್ ತೆಗೆಯುವ ಸ್ಪ್ರೇ ಮಾರುಕಟ್ಟೆಯಲ್ಲಿದೆ. ಅದು ಮುಂದಿನ ಹಾನಿಯನ್ನು ನಿಧಾನ ಮಾಡಬಲ್ಲದು. ಕಂದು ಬಣ್ಣ ಹೋಗುವುದಿಲ್ಲ, ಕಳೆದುಹೋದ ಗಟ್ಟಿತನವೂ ಮರಳುವುದಿಲ್ಲ. ಕೆಲವು ಶಾಯಿಗಳ ಬಣ್ಣ ಬದಲಾಗುವ ಅಪಾಯ ಇದೆ, ಒಮ್ಮೆ ಹಾಕಿದ್ದನ್ನು ವಾಪಸ್ ತೆಗೆಯಲೂ ಆಗುವುದಿಲ್ಲ. ಬೆಲೆ ಇಲ್ಲದ, ಚಿತ್ರವಿಲ್ಲದ ಹಾಳೆಗೂ ಮನೆಯಲ್ಲಿ ಇದನ್ನು ಹಾಕಿ ನೋಡುವುದು ನನಗೆ ಇಷ್ಟವಿಲ್ಲ. ನೀಮೊ ಹಾಳೆಗಳಿಗಂತೂ ಹಳೆಯ ಕಾಗದ ಉಳಿಸುವ ಪರಿಣತರು, ಅಂದರೆ ಕನ್ಸರ್ವೇಟರ್ ಒಬ್ಬರ ಕೈಯೇ ಬೇಕು.

ಮಾರುವ ಯೋಚನೆ ತಪ್ಪೇನಲ್ಲ. ಅವಸರ ಮಾತ್ರ ತಪ್ಪು. 1920–30ರ ಸಾಮಾನ್ಯ ಭಾನುವಾರದ ಹಾಳೆಗಳು ಇನ್ನೂ ಬೇಕಾದಷ್ಟಿವೆ, ದೊಡ್ಡ ಹಣ ಬರುವುದಿಲ್ಲ. ಅಸಲಿ ಹಳದಿ ಹುಡುಗ, ಹೆರಾಲ್ಡ್ ಕಾಲದ ನೀಮೊ ಬೇರೆ ಮಾತು. ಇಡೀ ಪೆಟ್ಟಿಗೆಗೆ ಒಂದೇ ಮೊತ್ತ ಹೇಳುವವರಿಗೆ ಕೂಡಲೇ ಒಪ್ಪಬೇಡಿ, ಕನಿಷ್ಠ ಇಬ್ಬರ ಹತ್ತಿರ ಕೇಳಿ, ಹರಾಜಿನವರಾದರೆ ಕಮಿಷನ್ ಎಷ್ಟು ಎಂದು ಬರವಣಿಗೆಯಲ್ಲಿ ಪಡೆಯಿರಿ. ಮಾರುವ ಮುಂಚೆ ‘ಚೆನ್ನಾಗಿ ಕಾಣಲಿ’ ಎಂದು ಅಂಚು ಕತ್ತರಿಸಿದರೆ, ಬಣ್ಣ ತುಂಬಿದರೆ ಬೆಲೆ ಇಳಿಯುತ್ತದೆ. ಹಾಳೆಗಳನ್ನು ತುಂಡು ಮಾಡಿ ಒಂದೊಂದೇ ಸ್ಟ್ರಿಪ್ ಮಾರುವವರೂ ಇದ್ದಾರೆ. ಅವರ ಕೈಗೆ ಹೋಗುವುದು ನನಗೆ ಎಲ್ಲಕ್ಕಿಂತ ನೋವಿನ ಸಂಗತಿ.

ದಾನ ಕೊಡುವ ದಾರಿಯೂ ಇದೆ. ಅದಕ್ಕೆ ಮುಂಚೆ ಕಾಮಿಕ್ಸ್ ಸಂಗ್ರಹಕಾರ ಬಿಲ್ ಬ್ಲ್ಯಾಕ್‌ಬಿಯರ್ಡ್ ಅವರ ಬಗ್ಗೆ ಹೇಳಬೇಕು. ಅಮೆರಿಕದ ಲೈಬ್ರರಿಗಳು ಹಳೆಯ ಪತ್ರಿಕೆಗಳನ್ನು ಮೈಕ್ರೋಫಿಲ್ಮ್ ಮಾಡಿ ಅಸಲಿ ಸಂಪುಟಗಳನ್ನು ಎಸೆಯುತ್ತಿದ್ದ ಕಾಲವೊಂದಿತ್ತು. ಫಿಲ್ಮ್ ಕಪ್ಪು ಬಿಳುಪು. ಅದರಲ್ಲಿ ಹಳದಿ ಅಂಗಿ ಬರೀ ಬೂದು. ಬ್ಲ್ಯಾಕ್‌ಬಿಯರ್ಡ್ ಆ ಸಂಪುಟಗಳನ್ನು ಕೇಳಿದರೆ, ಖಾಸಗಿ ವ್ಯಕ್ತಿಗೆ ಕೊಡಲು ಬರುವುದಿಲ್ಲ ಎಂದರು. ಅದಕ್ಕಾಗಿಯೇ ಅವರು 1968ರಲ್ಲಿ ಒಂದು ಸಂಸ್ಥೆ ಕಟ್ಟಿ, ಸ್ಯಾನ್ ಫ್ರಾನ್ಸಿಸ್ಕೋದ ತಮ್ಮ ಮನೆಯ ತುಂಬ ಪತ್ರಿಕೆ ಪೇರಿಸಿದರು. 1990ರ ದಶಕದ ಕೊನೆಯಲ್ಲಿ ಅದು ಒಹಾಯೊ ಸ್ಟೇಟ್ ಯೂನಿವರ್ಸಿಟಿಗೆ ಹೋದಾಗ ತೂಕ ಸುಮಾರು 75 ಟನ್, ಸಾಗಿಸಲು ಆರು ದೊಡ್ಡ ಲಾರಿ ಬೇಕಾಯಿತು. ಕಾಮಿಕ್ಸ್‌ನ ಆರಂಭದ ಬಗ್ಗೆ ನಾವು ಇಂದು ಖಚಿತವಾಗಿ ಹೇಳುವ ಎಷ್ಟೋ ಸಂಗತಿಗಳ ಹಿಂದೆ ಅವರ ಆ ಹಟ ಇದೆ. ಅದು ಈಗ ಅಲ್ಲಿನ ಬಿಲ್ಲಿ ಐರ್ಲೆಂಡ್ ಕಾರ್ಟೂನ್ ಲೈಬ್ರರಿಯಲ್ಲಿದೆ. ನಿಮ್ಮ ಹಾಳೆಗಳ ಪಟ್ಟಿಯನ್ನು ಅವರಿಗೆ ಕಳಿಸಿ ಕೇಳಿ ನೋಡಿ. ಇಂಥ ಸಂಸ್ಥೆಗಳು ಎಲ್ಲವನ್ನೂ ತೆಗೆದುಕೊಳ್ಳುವುದಿಲ್ಲ. ತಮ್ಮಲ್ಲಿಲ್ಲದ ತಾರೀಕು ಕಂಡರೆ ಬಿಡುವುದೂ ಇಲ್ಲ.

ಮಗಳ ಸ್ಕ್ಯಾನ್ ಕೆಲಸವನ್ನು ನಾನು ಪೂರ್ತಿ ಒಪ್ಪುತ್ತೇನೆ. ಹಾಳೆಯನ್ನು ಸ್ಕ್ಯಾನರ್‌ಗೆ ಒತ್ತಬೇಡಿ. ಚಪ್ಪಟೆಯಾಗಿ ಇಟ್ಟು, ಫ್ಲ್ಯಾಶ್ ಇಲ್ಲದೆ ಮೇಲಿನಿಂದ ಫೋಟೊ ತೆಗೆಯಲಿ. 1930ಕ್ಕೆ ಮುಂಚೆ ಪ್ರಕಟವಾದದ್ದಕ್ಕೆ ಅಮೆರಿಕದಲ್ಲಿ ಕಾಪಿರೈಟ್ ಮುಗಿದಿದೆ, ಆದ್ದರಿಂದ ಹಳದಿ ಹುಡುಗ, ನೀಮೊ ಎರಡನ್ನೂ ಧೈರ್ಯವಾಗಿ ಹಾಕಬಹುದು. ಸೂಪರ್‌ಮ್ಯಾನ್ ಬೇಡ, 1938ರ ಕೃತಿಗೆ 2033ರ ಕೊನೆಯವರೆಗೂ ರಕ್ಷಣೆ ಇದೆ. ನಡುವಿನ ವರ್ಷಗಳ ಹಾಳೆಗಳಲ್ಲಿ ಕೆಲವಕ್ಕೆ ಕಾಪಿರೈಟ್ ಇದೆ, ಕೆಲವಕ್ಕೆ ಇಲ್ಲ. ಕೇಳದೆ ಹಾಕಬೇಡಿ.

ನನಗೆ ಫೋಟೊ ಕಳಿಸುವುದಾದರೆ ಪ್ರತಿ ಹಾಳೆಗೆ ಎರಡು ಸಾಕು: ಮುಂದಿನದು ಅಂಚಿನ ಸಮೇತ, ಹಿಂದಿನದು ಪೂರ್ತಿ. ಪಕ್ಕದಲ್ಲಿ ಒಂದು ಸ್ಕೇಲ್ ಇಡಿ. ಯಾವ ಹಾಳೆ ಯಾವುದರ ಮೇಲಿತ್ತು ಎಂಬ ಜೋಡಣೆಯನ್ನು ಕೆಡಿಸಬೇಡಿ. ಪೆಟ್ಟಿಗೆಯ ಮೇಲೆ ಹೆಸರು, ವಿಳಾಸ, ಅಂಗಡಿಯ ಚೀಟಿ ಏನಾದರೂ ಇದ್ದರೆ ಅದನ್ನೂ ತೆಗೆಯಿರಿ, ಪೆಟ್ಟಿಗೆಯನ್ನು ಎಸೆಯಬೇಡಿ.